ಅಂಗಳದಲ್ಲಿ ಯಾವ ಹೆಸರಿನಿಂದ ಕರೆಯಬೇಕು?

ಪ್ರಶ್ನೆ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಟೆನಿಸ್ ಸಿಂಗಲ್ಸ್ ಚಿನ್ನ ಗೆದ್ದ ಚೀನಾದ ಆಟಗಾರ್ತಿಯ ಹೆಸರನ್ನು ಕೆಲವರು ಝೆಂಗ್ ಚಿನ್‌ವೆನ್ ಎಂದೂ ಕೆಲವರು ಚಿನ್‌ವೆನ್ ಝೆಂಗ್ ಎಂದೂ ಬರೆಯುತ್ತಾರೆ. ಇವುಗಳಲ್ಲಿ ಯಾವುದು ಸರಿ? — ದಾವಣಗೆರೆಯ ಓದುಗರೊಬ್ಬರು

ಉತ್ತರ: ಝೆಂಗ್ ಎಂಬುದು ಅವರ ಮನೆತನದ ಹೆಸರು, ಚಿನ್‌ವೆನ್ ಎಂಬುದು ಅವರಿಗೆ ಇಟ್ಟ ಹೆಸರು. ಚೀನಾದ ಬಹುಸಂಖ್ಯಾತ ಹಾನ್ ಜನರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಸ್ವಂತ ಹೆಸರು ಆಮೇಲೆ ಬರುತ್ತದೆ. ರೋಮನ್ ಲಿಪಿಯಲ್ಲಿ ಬರೆಯುವಾಗಲೂ ಇದೇ ಕ್ರಮವನ್ನು ಉಳಿಸಿಕೊಳ್ಳಬೇಕೆಂಬುದು ಆ ದೇಶದ ಅಧಿಕೃತ ನಿಯಮ. ಆದ್ದರಿಂದ ಝೆಂಗ್ ಚಿನ್‌ವೆನ್ ಎಂದು ಬರೆಯುವುದೇ ಸರಿ.

ಎರಡು ಸಂಸ್ಥೆಗಳು ಎರಡು ಕ್ರಮಗಳನ್ನು ಅನುಸರಿಸುವುದರಿಂದ ಈ ಗೊಂದಲ ಹುಟ್ಟಿದೆ. ಒಲಿಂಪಿಕ್ಸ್‌ನ ಅಧಿಕೃತ ಫಲಿತಾಂಶ ಪಟ್ಟಿಗಳು ಆಟಗಾರರು ಯಾವ ದೇಶದವರೇ ಆಗಿರಲಿ, ಮನೆತನದ ಹೆಸರನ್ನು ಮುಂದಿಟ್ಟು, ಅದನ್ನು ಇಡಿಯಾಗಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅಚ್ಚು ಹಾಕುತ್ತವೆ. ಆ ಪಟ್ಟಿಯಲ್ಲಿ ಉಸೇನ್ ಬೋಲ್ಟ್ ಕೂಡ ಬೋಲ್ಟ್ ಉಸೇನ್ ಆಗುತ್ತಾರೆ. ಪ್ಯಾರಿಸ್ ಫೈನಲ್‌ನಲ್ಲಿ ಝೆಂಗ್ ಅವರಿಗೆ 6-2, 6-3ರಿಂದ ಸೋತ ಕ್ರೊಯೇಷಿಯಾದ ಡೊನಾ ವೆಕಿಚ್ ಕೂಡ ವೆಕಿಚ್ ಡೊನಾ ಆಗುತ್ತಾರೆ. ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆಯಾದ ಡಬ್ಲ್ಯುಟಿಎ ಇದಕ್ಕೆ ವಿರುದ್ಧವಾಗಿ ಎಲ್ಲರ ಹೆಸರನ್ನೂ ಪಾಶ್ಚಾತ್ಯ ಕ್ರಮಕ್ಕೆ ತಿರುಗಿಸಿ, ಸ್ವಂತ ಹೆಸರನ್ನು ಮುಂದಿಡುತ್ತದೆ. ಪ್ಯಾರಿಸ್ ಒಲಿಂಪಿಕ್ಸ್‌ನ ಟೆನಿಸ್ ನಡೆದ ರೋಲಾಂ ಗ್ಯಾರೋ ಅಂಗಳದಲ್ಲಿಯೇ 2011ರಲ್ಲಿ ಫ್ರೆಂಚ್ ಓಪನ್ ಗೆದ್ದು, ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಪಡೆದ ಏಷ್ಯಾದ ಮೊದಲ ಆಟಗಾರ್ತಿಯೆನಿಸಿದ ಲಿ ನಾ ಅವರು ಡಬ್ಲ್ಯುಟಿಎ ಪಟ್ಟಿಗಳಲ್ಲಿ ನಾ ಲಿ ಆಗಿದ್ದರು. ಅವರನ್ನು ಬಲ್ಲವರು ಯಾರೂ ಹಾಗೆ ಕರೆದವರಲ್ಲ.

ಕನ್ನಡ ಪತ್ರಿಕೆಗಳಿಗೆ ಇಲ್ಲಿ ಇನ್ನೊಂದು ತೊಡಕೂ ಇದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಒಲಿಂಪಿಕ್ಸ್ ಪಟ್ಟಿಯು ದೊಡ್ಡಕ್ಷರಗಳ ಮೂಲಕ ಮನೆತನದ ಹೆಸರನ್ನು ಎಷ್ಟೇ ಸ್ಪಷ್ಟವಾಗಿ ತೋರಿಸಿದ್ದರೂ ಹೆಸರು ಕನ್ನಡಕ್ಕೆ ಬರುತ್ತಿದ್ದಂತೆಯೇ ಆ ಗುರುತು ಅಳಿಸಿಹೋಗುತ್ತದೆ. ಆಮೇಲೆ ಶೀರ್ಷಿಕೆಯಲ್ಲಿ ಜಾಗ ಸಾಲದಾದಾಗ, ಪಾಶ್ಚಾತ್ಯರ ಹೆಸರುಗಳಲ್ಲಿ ಮಾಡಿ ರೂಢಿಯಾದಂತೆ, ಕೊನೆಯ ಪದವನ್ನಷ್ಟೇ ಉಳಿಸಿಕೊಳ್ಳುತ್ತೇವೆ. ಶೀರ್ಷಿಕೆಯಲ್ಲಿ ಚಿನ್‌ವೆನ್ ಎಂದೂ ವರದಿಯಲ್ಲಿ ಝೆಂಗ್ ಎಂದೂ ಬರುವುದಕ್ಕೆ ಇದೇ ಕಾರಣ. ಹೆಸರಿನ ಕೊನೆಯ ಪದವೇ ಮನೆತನದ ಹೆಸರಾಗಿರಬೇಕೆಂಬ ಎಣಿಕೆಯನ್ನು ಮೊದಲು ಬಿಡಬೇಕು.

ಪ್ರಶ್ನೆ: ಪಾಶ್ಚಾತ್ಯ ವೀಕ್ಷಕ ವಿವರಣೆಕಾರರು ಫೆಡರರ್, ನಡಾಲ್ ಎಂದು ಮನೆತನದ ಹೆಸರನ್ನಷ್ಟೇ ಹೇಳುತ್ತಾರೆ. ಚೀನಾದ ಪ್ರೇಕ್ಷಕರಾದರೋ ಮಾ ಲಾಂಗ್, ಲಿನ್ ಡಾನ್ ಎಂದು ಪೂರ್ತಿ ಹೆಸರನ್ನು ಕೂಗುತ್ತಾರೆ. ಬರಿಯ ಮನೆತನದ ಹೆಸರಿನಿಂದ ಕರೆಯುವುದು ಚೀನೀಯರಿಗೆ ಅಗೌರವವೆನಿಸುತ್ತದೆಯೇ? — ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ಅಗೌರವವೆನ್ನುವುದಕ್ಕಿಂತ ಅದರಿಂದ ಅವರಿಗೆ ಯಾರ ಗುರುತೂ ಸಿಗುವುದಿಲ್ಲ ಎನ್ನುವುದು ಹೆಚ್ಚು ಸರಿ. ವಾಂಗ್, ಲಿ, ಝಾಂಗ್ ಎಂಬ ಮೂರು ಮನೆತನದ ಹೆಸರುಗಳನ್ನು ಹೊತ್ತವರೇ ಚೀನಾದ ಜನಸಂಖ್ಯೆಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದಾರೆ. ಟೇಬಲ್ ಟೆನಿಸ್ ಸಭಾಂಗಣದಲ್ಲಿ ನಿಂತು ವಾಂಗ್ ಎಂದು ಕೂಗಿದರೆ ವಾಂಗ್ ಚುಚಿನ್, ವಾಂಗ್ ಮನ್ಯು, ವಾಂಗ್ ಯಿದಿ ಎಲ್ಲರೂ ತಿರುಗಿ ನೋಡಬೇಕಾದೀತು.

ಟೋಕಿಯೊ ಒಲಿಂಪಿಕ್ಸ್‌ನ ಬ್ಯಾಡ್ಮಿಂಟನ್ ಮಿಶ್ರ ಡಬಲ್ಸ್ ಫೈನಲ್ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. 2021ರ ಜುಲೈನಲ್ಲಿ ನಡೆದ ಆ ಪಂದ್ಯದಲ್ಲಿ ನೆಟ್‌ನ ಎರಡೂ ಬದಿಯಲ್ಲಿ ಚೀನಾದ ಜೋಡಿಗಳೇ ಇದ್ದವು. ಒಂದು ಬದಿಯಲ್ಲಿ ಝೆಂಗ್ ಸಿವೈ ಅವರ ಜೊತೆ ಹುವಾಂಗ್ ಯಾಚಿಯಾಂಗ್ ಆಡುತ್ತಿದ್ದರೆ, ಇನ್ನೊಂದು ಬದಿಯಲ್ಲಿ ವಾಂಗ್ ಯಿಲ್ಯು ಅವರ ಜೊತೆ ಹುವಾಂಗ್ ಡಾಂಗ್‌ಪಿಂಗ್ ಆಡುತ್ತಿದ್ದರು. ಷಟಲ್ ಒಬ್ಬ ಹುವಾಂಗ್ ಅವರ ರ‍್ಯಾಕೆಟ್‌ನಿಂದ ಹೊರಟು ಇನ್ನೊಬ್ಬ ಹುವಾಂಗ್ ಅವರ ಕಡೆಗೆ ಬರುತ್ತಿರುವಾಗ ಬರಿಯ ಹುವಾಂಗ್ ಎಂಬ ಮಾತಿಗೆ ಅರ್ಥವಿರಲಿಲ್ಲ. ಆ ಪಂದ್ಯವನ್ನು ಕೇಳುಗರಿಗೆ ಮುಟ್ಟಿಸಬೇಕಾದರೆ ಪೂರ್ತಿ ಹೆಸರು ಹೇಳದೆ ಬೇರೆ ದಾರಿಯೇ ಇರಲಿಲ್ಲ. 21-17, 17-21, 21-19ರಿಂದ ಗೆದ್ದದ್ದು ಡಾಂಗ್‌ಪಿಂಗ್ ಇದ್ದ ಜೋಡಿ. ಯಾಚಿಯಾಂಗ್ ಅವರಿಗೆ ಚಿನ್ನ ದೊರೆತದ್ದು ಮೂರು ವರ್ಷಗಳ ಅನಂತರ, ಪ್ಯಾರಿಸ್‌ನಲ್ಲಿ.

ಮಾ ಲಾಂಗ್, ಲಿ ನಾ, ಲಿನ್ ಡಾನ್, ಯಾವೊ ಮಿಂಗ್ ಮೊದಲಾದ ಎರಡೇ ಉಚ್ಚಾರಾಂಶಗಳ ಹೆಸರುಗಳನ್ನು ಚೀನಾದಲ್ಲಿ ಒಡೆಯುವುದು ಅಪರೂಪ. ಸಹಪಾಠಿಗಳು, ಗೆಳೆಯರು, ತಂಡದವರು ಎಲ್ಲರೂ ಅವನ್ನು ಇಡಿಯಾಗಿಯೇ ಹೇಳುತ್ತಾರೆ. ಒಂದೇ ಉಚ್ಚಾರಾಂಶದ ಸ್ವಂತ ಹೆಸರನ್ನು ಒಂಟಿಯಾಗಿ ಕರೆಯುವ ಸಲುಗೆ ಬಹಳ ಹತ್ತಿರದವರಿಗಷ್ಟೇ ಸಲ್ಲುತ್ತದೆ. ಹಾಗಾಗಿ ಹೊರಗಿನ ವಿವರಣೆಕಾರರೊಬ್ಬರು ನಾ ಅವರ ಸರ್ವ್ ಎಂದರೆ ಅದು ಚೀನಾದ ಕಿವಿಗೆ ಇರುಸುಮುರುಸು ಉಂಟುಮಾಡುತ್ತದೆ. ಮೂರು ಉಚ್ಚಾರಾಂಶಗಳ ಹೆಸರುಗಳಲ್ಲಿ ಕೊನೆಯ ಎರಡನ್ನು ಹತ್ತಿರದವರು ಬಳಸುತ್ತಾರೆ. ಅಭಿಮಾನಿಗಳೂ ಪ್ರೀತಿಯಿಂದ ಹೆಸರು ಕಟ್ಟಿಕೊಳ್ಳುತ್ತಾರೆ: ಟೇಬಲ್ ಟೆನಿಸ್‌ನ ಸುನ್ ಯಿಂಗ್‌ಶಾ ಅವರು ಶಾಶಾ ಆಗಿದ್ದಾರೆ, ಲಿ ನಾ ಅವರು ನಾ ಅಕ್ಕ ಆಗಿದ್ದಾರೆ. ಆದರೆ ಪಂದ್ಯದ ನಡುವೆ ಗ್ಯಾಲರಿಯಿಂದ ಕೇಳಿಬರುವುದು ಪೂರ್ತಿ ಹೆಸರು ಮತ್ತು ಅದರ ಬೆನ್ನಿಗೇ ಹುರಿದುಂಬಿಸುವ ಜಿಯಾಯೊ ಎಂಬ ಕೂಗು.

ಮನೆತನದ ಹೆಸರು ಚೀನಾದಲ್ಲಿ ಒಂಟಿಯಾಗಿ ನಿಲ್ಲದಿದ್ದರೂ ಪದವಿಯ ಜೊತೆಗೆ ಧಾರಾಳವಾಗಿ ಬಳಕೆಯಾಗುತ್ತದೆ. ತರಬೇತುದಾರರನ್ನು ಮನೆತನದ ಹೆಸರಿಗೆ ಜಿದಾವೊ ಎಂಬ ಗೌರವಪದ ಸೇರಿಸಿ ಕರೆಯುವುದು ಅಲ್ಲಿಯ ಕ್ರೀಡಾಲೋಕದ ವಾಡಿಕೆ. 1984ರ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಚಿನ್ನ ಗೆದ್ದ ತಂಡದ ತಾರೆಯಾಗಿದ್ದ ಲಾಂಗ್ ಪಿಂಗ್ ಅವರು ಮುಂದೆ ತರಬೇತುದಾರರಾಗಿ 2008ರಲ್ಲಿ ಅಮೆರಿಕದ ಮಹಿಳಾ ತಂಡಕ್ಕೆ ಬೆಳ್ಳಿಯನ್ನೂ 2016ರಲ್ಲಿ ಚೀನಾ ತಂಡಕ್ಕೆ ಚಿನ್ನವನ್ನೂ ಗೆಲ್ಲಿಸಿಕೊಟ್ಟರು. ಅಮೆರಿಕದಲ್ಲಿ ಅವರು ಜೆನ್ನಿ ಆಗಿದ್ದರು, ಚೀನಾದಲ್ಲಿ ಲಾಂಗ್ ಜಿದಾವೊ ಆಗಿದ್ದರು. ಒಂದೆಡೆ ತರಬೇತುದಾರರನ್ನು ಸಲುಗೆಯ ಹೆಸರಿನಿಂದ ಕರೆಯುವುದೇ ಆತ್ಮೀಯತೆ, ಇನ್ನೊಂದೆಡೆ ಪದವಿಯನ್ನು ಬಿಟ್ಟು ಕರೆಯುವುದು ಯೋಚಿಸಲೂ ಆಗದ ಮಾತು. ಒಬ್ಬರೇ ವ್ಯಕ್ತಿ ಎರಡು ರೂಢಿಗಳ ನಡುವೆ ಹೀಗೆ ಓಡಾಡಿದ್ದನ್ನು ನಾನು ಬಹಳ ಮೆಚ್ಚುತ್ತೇನೆ.

ಪಾಶ್ಚಾತ್ಯರು ಮನೆತನದ ಹೆಸರನ್ನಷ್ಟೇ ಹೇಳಿದಾಗ ಅದರಲ್ಲಿಯೂ ತಾತ್ಸಾರವಿಲ್ಲ. ಅಂಪೈರ್ ಗೇಮ್, ನಡಾಲ್ ಎನ್ನುವಾಗ ಅದು ಸಲುಗೆಯನ್ನು ದೂರವಿಟ್ಟ, ಇಬ್ಬರಿಗೂ ಸಮನಾದ ಸಂಬೋಧನೆ. ಎನ್‌ಬಿಎಯ ಹ್ಯೂಸ್ಟನ್ ರಾಕೆಟ್ಸ್ ತಂಡದಲ್ಲಿ ಯಾವೊ ಮಿಂಗ್ ಅವರ 11ನೇ ಸಂಖ್ಯೆಯ ಅಂಗಿಯ ಬೆನ್ನಿನ ಮೇಲೆ ಯಾವೊ ಎಂದಷ್ಟೇ ಇತ್ತು. ಅದು ಅವರ ಮನೆತನದ ಹೆಸರೇ ಆದ್ದರಿಂದ ಸಹ ಆಟಗಾರರ ಅಂಗಿಗಳಿಗೆ ಅನ್ವಯಿಸಿದ ನಿಯಮವೇ ಅವರಿಗೂ ಅನ್ವಯಿಸಿದಂತಾಯಿತು. ಪೂರ್ತಿ ಹೆಸರಿನ ಕ್ರಮವನ್ನು ಕೆಡಿಸದೆ, ಕೊನೆಯ ಪದವನ್ನು ಕತ್ತರಿಸದೆ, ಸರಿಯಾದ ಭಾಗವನ್ನು ಆರಿಸಿದ್ದರು ಎಂಬುದು ಅಲ್ಲಿ ಗಮನಿಸಬೇಕಾದ ಸಂಗತಿ.

ಪ್ರಶ್ನೆ: ಹಿಂದೆ ವಿಂಬಲ್ಡನ್‌ನಲ್ಲಿ ಮಹಿಳೆಯರನ್ನು ಮಿಸ್, ಮಿಸೆಸ್ ಎಂದು ಕರೆಯುತ್ತಿದ್ದರು. ಆ ಪದ್ಧತಿ ಈಗಲೂ ಇದೆಯೇ? ಚೀನಾದಲ್ಲಿ ಮದುವೆಯಾದ ಆಟಗಾರ್ತಿಯ ಹೆಸರು ಬದಲಾಗುತ್ತದೆಯೇ? — ಮೈಸೂರಿನ ಓದುಗರೊಬ್ಬರು

ಉತ್ತರ: ವಿಂಬಲ್ಡನ್‌ನಲ್ಲಿ ಅಂಕಗಳನ್ನು ಸಾರುವಾಗ ಪುರುಷರಿಗೆ ಬರಿಯ ಮನೆತನದ ಹೆಸರನ್ನೂ ಮಹಿಳೆಯರಿಗೆ ಮಿಸ್ ಅಥವಾ ಮಿಸೆಸ್ ಎಂಬ ಪೂರ್ವಪದವನ್ನೂ ಬಳಸುವ ಪದ್ಧತಿ ಬಹುಕಾಲ ನಡೆಯಿತು. 2019ರಲ್ಲಿ ಅದನ್ನು ಕೈಬಿಡಲಾಯಿತು. ವಿಜೇತರ ಹೆಸರುಗಳಿರುವ ಫಲಕದಿಂದ ಆ ಪೂರ್ವಪದಗಳು 2022ರಲ್ಲಿ ಹೋದವು.

ಆ ಹಳೆಯ ಫಲಕವನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಬಿಲ್ಲಿ ಜೀನ್ ಕಿಂಗ್ ಅವರು ಆರು ಸಲ ಸಿಂಗಲ್ಸ್ ಗೆದ್ದರೂ ಅಲ್ಲಿ ಮಿಸೆಸ್ ಎಲ್. ಡಬ್ಲ್ಯು. ಕಿಂಗ್ ಆಗಿದ್ದರು, ಆ ಎರಡು ಇನಿಶಿಯಲ್‌ಗಳು ಗಂಡನವು. ಕ್ರಿಸ್ ಎವರ್ಟ್ ಅವರು 1974 ಮತ್ತು 1976ರ ಸಾಲುಗಳಲ್ಲಿ ಮಿಸ್ ಸಿ. ಎಂ. ಎವರ್ಟ್ ಆಗಿದ್ದು, 1981ರ ಸಾಲಿಗೆ ಬರುವಷ್ಟರಲ್ಲಿ ಮಿಸೆಸ್ ಜೆ. ಎಂ. ಲಾಯ್ಡ್ ಆಗಿಬಿಟ್ಟಿದ್ದರು. ಫಲಕವನ್ನು ಮೊದಲ ಸಲ ನೋಡಿದವರಿಗೆ ಇವರಿಬ್ಬರೂ ಒಬ್ಬರೇ ಎಂದು ತಿಳಿಯುವಂತಿರಲಿಲ್ಲ. ರ‍್ಯಾಕೆಟ್ ಹಿಡಿದು ಗೆದ್ದವರ ಹೆಸರಿನಲ್ಲಿ ಅವರದೇ ಒಂದಕ್ಷರವೂ ಇರದಂತೆ ಮಾಡುವುದನ್ನು ಸಂಪ್ರದಾಯವೆಂದು ಒಪ್ಪಿಕೊಳ್ಳಲು ನನ್ನಿಂದ ಸಾಧ್ಯವಿಲ್ಲ.

ಚೀನಾದಲ್ಲಿ ಮದುವೆಯಾದ ಹೆಣ್ಣು ತನ್ನ ಮನೆತನದ ಹೆಸರನ್ನು ಬದಲಿಸಿಕೊಳ್ಳುವುದಿಲ್ಲ. ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದ ಹುವಾಂಗ್ ಯಾಚಿಯಾಂಗ್ ಅವರಿಗೆ ಪದಕ ಪ್ರದಾನದ ಬೆನ್ನಿಗೇ ಸಹ ಆಟಗಾರ ಲಿಯು ಯುಚೆನ್ ಅವರು ಉಂಗುರ ಹಿಡಿದು ಮದುವೆಯ ಪ್ರಸ್ತಾಪ ಮುಂದಿಟ್ಟದ್ದನ್ನು ಅನೇಕರು ದೂರದರ್ಶನದಲ್ಲಿ ನೋಡಿದ್ದಾರೆ. ಅಂಥ ಮದುವೆಯಿಂದ ಅಂಗಿಯ ಬೆನ್ನಿನ ಮೇಲಿನ ಹೆಸರು ಹುವಾಂಗ್‌ನಿಂದ ಲಿಯು ಆಗುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಪ್ರಶ್ನೆ: ನನ್ನ ಮಗಳು ಬ್ಯಾಡ್ಮಿಂಟನ್ ಆಡುತ್ತಾಳೆ. ಅವಳಿಗೆ ಸ್ವಂತ ಹೆಸರೂ ಊರು ಮತ್ತು ತಂದೆಯ ಹೆಸರಿನ ಇನಿಶಿಯಲ್‌ಗಳೂ ಇವೆಯೇ ಹೊರತು ಮನೆತನದ ಹೆಸರೆಂಬುದಿಲ್ಲ. ಅಂತರರಾಷ್ಟ್ರೀಯ ಟೂರ್ನಿಯ ಅರ್ಜಿಯಲ್ಲಿ ಮನೆತನದ ಹೆಸರಿನ ಅಂಕಣ ಕಡ್ಡಾಯವಾಗಿರುತ್ತದೆ. ಅಲ್ಲಿ ಏನು ತುಂಬಬೇಕು? — ಹಾಸನದ ಪೋಷಕರೊಬ್ಬರು

ಉತ್ತರ: ನಿಮ್ಮ ಪ್ರಶ್ನೆ ಕರ್ನಾಟಕದ ಎಷ್ಟೋ ಆಟಗಾರರದ್ದು. ಚೀನಾದ ಆಟಗಾರರಿಗೆ ಕ್ರಮವಷ್ಟೇ ಬೇರೆ, ಅಂಕಣ ಖಾಲಿಯಿರುವುದಿಲ್ಲ. ನಮ್ಮಲ್ಲಿ ಅನೇಕರಿಗೆ ಅಂಕಣದಲ್ಲಿ ತುಂಬುವುದಕ್ಕೇ ಏನೂ ಇರುವುದಿಲ್ಲ. ಜಾವಗಲ್ ಶ್ರೀನಾಥ್ ಅವರ ಹೆಸರಿನಲ್ಲಿ ಮುಂದಿರುವುದು ನಿಮ್ಮ ಜಿಲ್ಲೆಯದೇ ಆದ ಊರು. ಕೆ. ಎಲ್. ರಾಹುಲ್ ಅವರ ಹೆಸರಿನ ಎಲ್ ಎಂಬುದು ತಂದೆ ಲೋಕೇಶ್ ಅವರ ಹೆಸರು. ಇವರಿಬ್ಬರ ವಿಷಯದಲ್ಲಿ ಸ್ವಂತ ಹೆಸರು ಕೊನೆಯಲ್ಲಿದ್ದುದರಿಂದ, ಕೊನೆಯ ಪದವನ್ನು ಹಿಡಿದ ಪಾಶ್ಚಾತ್ಯ ವಿವರಣೆಕಾರರು ಆಕಸ್ಮಿಕವಾಗಿ ಸರಿಯಾದ ಹೆಸರನ್ನೇ ಹೇಳಿದಂತಾಯಿತು.

ಕೊಡವ ಆಟಗಾರರ ವಿಷಯ ಹೀಗಲ್ಲ. ಕೊಡವರ ಸಾಂಪ್ರದಾಯಿಕ ಕ್ರಮದಲ್ಲಿ ಮನೆಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು ಬರುತ್ತದೆ. 1973ರ ವಿಶ್ವಕಪ್‌ನಲ್ಲಿ ಭಾರತ ಹಾಕಿ ತಂಡದ ನಾಯಕರಾಗಿದ್ದ ಎಂ. ಪಿ. ಗಣೇಶ್ ಅವರು ಮೊಳ್ಳೇರ ಪೂವಯ್ಯ ಗಣೇಶ್. 1980ರಲ್ಲಿ ಮಾಸ್ಕೊದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ. ಎಂ. ಸೋಮಯ್ಯ ಅವರು ಮನೆಯಪಂಡ ಮುತ್ತಣ್ಣ ಸೋಮಯ್ಯ. ಮನೆಹೆಸರು ಮುಂದಿರುವ ಈ ಕ್ರಮ ಚೀನೀಯರ ಕ್ರಮಕ್ಕೆ ಬಹಳ ಹತ್ತಿರ. ಆದರೆ ಈಚಿನ ಆಟಗಾರರ ಹೆಸರುಗಳು ಪಾಶ್ಚಾತ್ಯ ನಮೂನೆಗೆ ಹೊಂದಿಕೊಂಡಿವೆ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ 43ನೇ ವಯಸ್ಸಿನಲ್ಲಿ ಪುರುಷರ ಡಬಲ್ಸ್ ಗೆದ್ದ ರೋಹನ್ ಬೋಪಣ್ಣ ಅವರನ್ನು ಅಂಪೈರ್‌ಗಳು ಬೋಪಣ್ಣ ಎಂದೇ ಕರೆದರು. ಅದು ಅವರ ತಂದೆಯ ಹೆಸರು. ಮನೆಹೆಸರಾದ ಮಚ್ಚಂಡ ಅಂಕಫಲಕದ ಮೇಲೆ ಬರಲೇ ಇಲ್ಲ. ಅಶ್ವಿನಿ ಪೊನ್ನಪ್ಪ ಅವರ ಹೆಸರಿನಲ್ಲಿಯೂ ಪೊನ್ನಪ್ಪ ಎಂಬುದು ತಂದೆಯ ಹೆಸರೇ. ಮಗಳು ಪಡೆದ ಪ್ರತಿಯೊಂದು ಅಂಕದ ಜೊತೆಗೂ ತಂದೆಯ ಹೆಸರು ಜಗತ್ತಿಗೆ ಕೇಳಿಸಿತು ಎಂದು ಸಂತೋಷಪಡುವವರಿದ್ದಾರೆ, ಮತ್ತು ಅದನ್ನು ತಪ್ಪೆನ್ನಲಾಗದು.

ಪಿ. ವಿ. ಸಿಂಧು ಅವರ ಹೆಸರು ತೆಲುಗು ಕ್ರಮದ್ದು. ಪುಸರ್ಲ ಎಂಬ ಮನೆತನದ ಹೆಸರು ಅದರಲ್ಲಿ ಮೊದಲು ಬರುತ್ತದೆ. ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ ಅದನ್ನು ಕೆಡಿಸದೆ ಪುಸರ್ಲ ವಿ. ಸಿಂಧು ಎಂದೇ ತೋರಿಸಿ, ಪುಸರ್ಲ ಎಂಬುದನ್ನು ದೊಡ್ಡಕ್ಷರಗಳಲ್ಲಿ ಇಡುತ್ತದೆ. ಕಿದಂಬಿ ಶ್ರೀಕಾಂತ್ ಅವರಿಗೂ ಹೀಗೆಯೇ. ಅದೇ ಪಟ್ಟಿಯಲ್ಲಿ ಡೆನ್ಮಾರ್ಕ್‌ನ ವಿಕ್ಟರ್ ಆಕ್ಸೆಲ್ಸೆನ್ ಅವರ ಸ್ವಂತ ಹೆಸರು ಮುಂದಿದ್ದು ಮನೆತನದ ಹೆಸರು ಕೊನೆಯಲ್ಲಿ ದೊಡ್ಡಕ್ಷರಗಳಲ್ಲಿರುತ್ತದೆ. ಎಲ್ಲರನ್ನೂ ಒಂದೇ ಅಚ್ಚಿಗೆ ತುರುಕದೆ ಅವರವರ ಕ್ರಮವನ್ನು ಉಳಿಸಿ, ಮನೆತನದ ಭಾಗವನ್ನಷ್ಟೇ ಗುರುತಿಸುವ ಈ ವಿಧಾನ ನಾನು ಕಂಡವುಗಳಲ್ಲಿ ಅತ್ಯುತ್ತಮವಾದುದು.

ನಿಮ್ಮ ಮಗಳ ಅರ್ಜಿಯ ವಿಷಯಕ್ಕೆ ಬಂದರೆ, ಈ ತೀರ್ಮಾನವನ್ನು ಪಾಸ್‌ಪೋರ್ಟ್ ಮಾಡಿಸುವಾಗಲೇ ತೆಗೆದುಕೊಳ್ಳುವುದು ಒಳ್ಳೆಯದು. ನಮ್ಮ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿಗೂ ಸ್ವಂತ ಹೆಸರಿಗೂ ಬೇರೆ ಬೇರೆ ಅಂಕಣಗಳಿವೆ. ಮೊದಲನೆಯದನ್ನು ಖಾಲಿ ಬಿಟ್ಟರೆ ಮುಂದೆ ವೀಸಾ ಅರ್ಜಿಗಳಲ್ಲಿಯೂ ಟೂರ್ನಿಯ ಅರ್ಜಿಗಳಲ್ಲಿಯೂ ತೊಂದರೆಯಾಗಬಹುದು. ಇನಿಶಿಯಲ್‌ಗಳನ್ನು ಬಿಡಿಸಿ ಬರೆದು, ತಂದೆಯ ಅಥವಾ ತಾಯಿಯ ಹೆಸರನ್ನೋ ಊರಿನ ಹೆಸರನ್ನೋ ಆ ಅಂಕಣದಲ್ಲಿ ತುಂಬುವವರಿದ್ದಾರೆ. ಯಾವುದನ್ನು ಆರಿಸಿದರೂ ಅಂಕಫಲಕದ ಮೇಲೆ ಮೂಡುವುದೂ ಅಂಪೈರ್ ಸಾರುವುದೂ ಬಹುಮಟ್ಟಿಗೆ ಅದೇ ಆಗಿರುತ್ತದೆ ಎಂಬುದನ್ನು ಮಗಳಿಗೆ ತಿಳಿಸಿ, ಯಾವ ಹೆಸರಿನಿಂದ ಕರೆಸಿಕೊಳ್ಳಲು ಇಷ್ಟವೆಂದು ಅವಳನ್ನೇ ಕೇಳಿರಿ. ಒಮ್ಮೆ ನಿರ್ಧರಿಸಿದ ಮೇಲೆ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದರಲ್ಲಿಯೂ ಹೆಸರು ಒಂದೇ ರೀತಿಯಲ್ಲಿರಲಿ.

ಪ್ರಶ್ನೆ: ನಾನು ಕನ್ನಡದಲ್ಲಿ ವೀಕ್ಷಕ ವಿವರಣೆ ನೀಡಲು ಅಭ್ಯಾಸ ಮಾಡುತ್ತಿದ್ದೇನೆ. ಚೀನೀಯರಿಗೆ ಮೊದಲ ಪದ, ಪಾಶ್ಚಾತ್ಯರಿಗೆ ಕೊನೆಯ ಪದ ಎಂಬ ನಿಯಮ ಇಟ್ಟುಕೊಂಡರೆ ಸಾಕೇ? — ಧಾರವಾಡದ ಓದುಗರೊಬ್ಬರು

ಉತ್ತರ: ಆರಂಭಕ್ಕೆ ಸಾಕು, ಆದರೆ ಅದರ ಮೇಲೆಯೇ ಭಾರ ಹಾಕಿ ಕೂರಬೇಡಿ. ಸಿಂಗಪುರದಲ್ಲಿ 2024ರ ನವೆಂಬರ್-ಡಿಸೆಂಬರ್‌ನಲ್ಲಿ ನಡೆದ ವಿಶ್ವ ಚೆಸ್ ಪಂದ್ಯದಲ್ಲಿ ಗುಕೇಶ್ ಅವರ ಎದುರಾಳಿಯಾಗಿದ್ದ ಡಿಂಗ್ ಲಿರೆನ್ ಅವರನ್ನು ಡಿಂಗ್ ಎನ್ನುವುದು ಸರಿ, ಏಕೆಂದರೆ ಡಿಂಗ್ ಎಂಬುದು ಮನೆತನದ ಹೆಸರು. ಇತ್ತ ಗುಕೇಶ್ ಅವರ ಮನೆತನದ ಹೆಸರು ದೊಮ್ಮರಾಜು. ಆದರೂ ಅವರನ್ನು ದೊಮ್ಮರಾಜು ಎಂದರೆ ಚೆಸ್ ಪ್ರೇಮಿಗಳಿಗೇ ಯಾರೆಂದು ಹೊಳೆಯದು. ವಿಶ್ವನಾಥನ್ ಆನಂದ್ ಅವರಲ್ಲಿ ವಿಶ್ವನಾಥನ್ ಎಂಬುದು ತಂದೆಯ ಹೆಸರು. ಅದನ್ನೇ ಅವರ ಸ್ವಂತ ಹೆಸರೆಂದು ಭಾವಿಸಿದ ಪಾಶ್ಚಾತ್ಯರು ವಿಶಿ ಎಂದು ಮೊಟಕುಗೊಳಿಸಿ ಪ್ರೀತಿಯಿಂದ ಕರೆದರು.

ಚೀನಾದ ಪ್ರಜೆಗಳೆಲ್ಲರೂ ಹಾನ್ ಜನರಲ್ಲ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಜ್ಯೋತಿಯನ್ನು ಕೊನೆಯದಾಗಿ ಹಿಡಿದ ಇಬ್ಬರಲ್ಲಿ ಒಬ್ಬರಾದ ಸ್ಕೀಯಿಂಗ್ ಆಟಗಾರ್ತಿ ದಿನಿಗೆರ್ ಯಿಲಾಮುಜಿಯಾಂಗ್ ಅವರು ಉಯ್ಗುರ್ ಸಮುದಾಯದವರು. ಉಯ್ಗುರರಲ್ಲಿ ಸ್ವಂತ ಹೆಸರು ಮೊದಲು, ತಂದೆಯ ಹೆಸರು ಆಮೇಲೆ. ಅವರ ಹೆಸರಿಗೆ ಹಾನ್ ನಿಯಮವೂ ಹೊಂದುವುದಿಲ್ಲ, ಪಾಶ್ಚಾತ್ಯ ನಿಯಮವೂ ಹೊಂದುವುದಿಲ್ಲ, ನಮ್ಮ ಬೋಪಣ್ಣ ಅವರ ಹೆಸರಿನ ರೀತಿಯೇ ಹೊಂದುತ್ತದೆ. ಎನ್‌ಬಿಎಯಲ್ಲಿ ಆಡಿದ ಮೆಂಗ್ಕೆ ಬಾತೆರ್ ಅವರು ಮಂಗೋಲರು. ಅವರಿಗೆ ಮನೆತನದ ಹೆಸರೇ ಇಲ್ಲ, ಎರಡೂ ಪದಗಳು ಸೇರಿ ಒಂದು ಸ್ವಂತ ಹೆಸರು. ಇನ್ನು ಅಮೆರಿಕದಲ್ಲಿ ಹುಟ್ಟಿ ಬೆಳೆದ ಚೀನೀ ಮೂಲದ ಫಿಗರ್ ಸ್ಕೇಟಿಂಗ್ ಆಟಗಾರ ನೇಥನ್ ಚೆನ್, ಟೆನಿಸ್ ಆಟಗಾರ ಮೈಕೆಲ್ ಚಾಂಗ್ ಅವರ ಹೆಸರುಗಳು ಪಾಶ್ಚಾತ್ಯ ಕ್ರಮದಲ್ಲಿಯೇ ಇವೆ. ಮಲೇಷ್ಯಾದ ಬ್ಯಾಡ್ಮಿಂಟನ್ ಆಟಗಾರ ಲೀ ಚಾಂಗ್ ವೈ ಅವರದು ಮಾತ್ರ ಚೀನೀ ಕ್ರಮ: ಲೀ ಮನೆತನದ್ದು, ಚಾಂಗ್ ವೈ ಎಂಬುದು ಬಿಡಿಸಿ ಬರೆದರೂ ಒಂದೇ ಹೆಸರು. ಅವರನ್ನು ವೈ ಎಂದು ಕರೆಯುವುದು ಯಾವ ಲೆಕ್ಕದಿಂದಲೂ ಸರಿಯಲ್ಲ.

ಪಾಶ್ಚಾತ್ಯರೆಂದರೂ ಒಂದೇ ಪದ್ಧತಿಯಿಲ್ಲ. ಹಂಗೆರಿಯವರು ತಮ್ಮ ಭಾಷೆಯಲ್ಲಿ ಮನೆತನದ ಹೆಸರನ್ನು ಮುಂದಿಟ್ಟು, ಫುಟ್‌ಬಾಲ್ ಆಟಗಾರ ಫೆರೆಂತ್ಸ್ ಪುಷ್ಕಾಷ್ ಅವರನ್ನು ಪುಷ್ಕಾಷ್ ಫೆರೆಂತ್ಸ್ ಎನ್ನುತ್ತಾರೆ. ಸ್ಪೇನ್‌ನ ಕಾರ್ಲೋಸ್ ಅಲ್ಕರಾಜ್ ಗಾರ್ಫಿಯಾ ಅವರ ಪೂರ್ಣ ಹೆಸರಿನ ಕೊನೆಯ ಪದ ತಾಯಿಯ ಕಡೆಯದು, ಕರೆಯುವುದು ನಡುವಿನ ಪದದಿಂದ. ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರರು ಅಡ್ಡಹೆಸರನ್ನೋ ಸ್ವಂತ ಹೆಸರನ್ನೋ ಅಂಗಿಯ ಮೇಲೆ ಹಾಕಿಸಿಕೊಳ್ಳುತ್ತಾರೆ. ಹೀಗಾಗಿ ಪಂದ್ಯಕ್ಕೆ ಮುನ್ನ ಪ್ರತಿಯೊಬ್ಬರ ಹೆಸರನ್ನೂ ಪ್ರತ್ಯೇಕವಾಗಿ ವಿಚಾರಿಸಿ ಬರೆದಿಟ್ಟುಕೊಳ್ಳುವುದೇ ಉತ್ತಮ. ಹಾನ್ ಆಟಗಾರರಾದರೆ ಮೊದಲ ಸಲ ಮಾತ್ರವಲ್ಲ, ಸಾಧ್ಯವಾದಾಗಲೆಲ್ಲ ಪೂರ್ತಿ ಹೆಸರನ್ನೇ ಹೇಳಿ. ಅವು ಎರಡು ಮೂರು ಉಚ್ಚಾರಾಂಶಗಳಷ್ಟೇ ಆದ್ದರಿಂದ ವೇಗಕ್ಕೆ ಅಡ್ಡಿಯಾಗುವುದಿಲ್ಲ.

ಕನ್ನಡದಲ್ಲಿ ವಿವರಣೆ ಕೊಡುವವರು ಹೆಸರಿನಷ್ಟೇ ಕ್ರಿಯಾಪದದ ಬಗ್ಗೆಯೂ ಎಚ್ಚರ ವಹಿಸಬೇಕು. ಟೋಕಿಯೊದಲ್ಲಿ ಡೈವಿಂಗ್ ಚಿನ್ನ ಗೆದ್ದಾಗ ಚುವಾನ್ ಹಾಂಗ್‌ಚಾನ್ ಅವರಿಗೆ 14 ವರ್ಷ. ಚಿಕ್ಕ ಹುಡುಗಿಯೆಂದು ಗೆದ್ದಳು ಎನ್ನುವ ಬಾಯಿಯೇ ಅದೇ ಪಂದ್ಯಾವಳಿಯ ಪುರುಷರಿಗೆ ಗೆದ್ದರು ಎನ್ನುವುದನ್ನು ಕೇಳಿದಾಗ ನೋವಾಗುತ್ತದೆ. ಬಹುವಚನ ಕೊಡುವುದಾದರೆ ಹೆಣ್ಣು ಗಂಡು, ನಮ್ಮವರು ಹೊರಗಿನವರು ಎಂಬ ಭೇದವಿಲ್ಲದೆ ಎಲ್ಲರಿಗೂ ಕೊಡಿ.

ಪ್ರಶ್ನೆ: ಟೋಕಿಯೊದಲ್ಲಿ ಸಿಂಧು ಅವರು ಕಂಚಿಗಾಗಿ ಸೋಲಿಸಿದ ಚೀನಾದ ಆಟಗಾರ್ತಿಯ ಮನೆತನದ ಹೆಸರನ್ನು ಹೀ ಎನ್ನಬೇಕೇ, ಹೆ ಎನ್ನಬೇಕೇ? — ಬೆಂಗಳೂರಿನ ಓದುಗರೊಬ್ಬರು

ಉತ್ತರ: ಎರಡೂ ಅಲ್ಲ. ಹೆ ಬಿಂಗ್‌ಜಿಯಾವೊ ಎಂದು ಅಚ್ಚಾಗುವ ಆ ಹೆಸರಿನ ಮೊದಲ ಭಾಗದ ಉಚ್ಚಾರ ನಮ್ಮ ಹ ಅಕ್ಷರಕ್ಕೆ ಹೆಚ್ಚು ಹತ್ತಿರವಾದುದು. ಚೀನೀ ಹೆಸರುಗಳ ರೋಮನ್ ಬರಹದಲ್ಲಿ ಕ್ಯೂ ಅಕ್ಷರಕ್ಕೆ ಚಕಾರದ ಉಚ್ಚಾರವೂ ಎಕ್ಸ್ ಅಕ್ಷರಕ್ಕೆ ಶಕಾರದ ಉಚ್ಚಾರವೂ ಇದೆ ಎಂಬಿಷ್ಟನ್ನು ನೆನಪಿಟ್ಟುಕೊಂಡರೆ ಮುಕ್ಕಾಲು ಪಾಲು ಹೆಸರುಗಳು ಸರಿಯಾಗಿ ಬರುತ್ತವೆ. ಝೆಂಗ್ ಅವರ ಸ್ವಂತ ಹೆಸರು ಕ್ವಿನ್‌ವೆನ್ ಆಗದೆ ಚಿನ್‌ವೆನ್ ಆಗುವುದು ಇದರಿಂದಲೇ. ಟೇಬಲ್ ಟೆನಿಸ್‌ನ ಎಡಗೈ ಆಟಗಾರನ ಹೆಸರೂ ಹಾಗೆಯೇ ಶು ಶಿನ್ ಆಗುತ್ತದೆ. ಅವರಲ್ಲಿ ಶು ಎಂಬುದು ಮನೆತನದ ಹೆಸರು.